ನಾಡು ಹುಟ್ಟುವುದೆಂದು? ಹಕ್ಕು ಬರುವುದೆಲ್ಲಿಂದ?

ಮಗು ಹುಟ್ಟಿದ ಗಳಿಗೆಯನ್ನು ಗುರುತಿಟ್ಟುಕೊಂಡು ಜಾತಕ ಬರೆಸುವುದು ನಮ್ಮಲ್ಲಿ ಬಹಳ ಹಿಂದಿನಿಂದ ನಡೆದುಬಂದ ವಾಡಿಕೆ. ಗಳಿಗೆ ತಪ್ಪಿದರೆ ಲಗ್ನ ತಪ್ಪುತ್ತದೆ, ಲಗ್ನ ತಪ್ಪಿದರೆ ಫಲವೆಲ್ಲ ತಪ್ಪುತ್ತದೆ ಎಂದು ಜೋಯಿಸರು ಹೇಳುವುದುಂಟು. ಮನುಷ್ಯರ ಮಾತು ಹಾಗಿರಲಿ. ಒಂದು ರಾಷ್ಟ್ರದ ಜಾತಕ ಬರೆಯಬೇಕೆಂದರೆ ಯಾವ ಗಳಿಗೆಯನ್ನು ಹಿಡಿಯಬೇಕು? ಇದು ಮೇಲುನೋಟಕ್ಕೆ ಕಾಣುವಷ್ಟು ಸುಲಭವಾದ ಪ್ರಶ್ನೆಯಲ್ಲ.

ಶಾಲೆಯ ಮಕ್ಕಳನ್ನು ಕೇಳಿದರೆ ಒಬ್ಬನು 1947ರ ಆಗಸ್ಟ್ 15 ಎನ್ನುತ್ತಾನೆ. ಇನ್ನೊಬ್ಬನು 1950ರ ಜನವರಿ 26 ಎನ್ನುತ್ತಾನೆ. ಉಪಾಧ್ಯಾಯರು ಇಬ್ಬರಿಗೂ ಅಂಕ ಕೊಡಬೇಕಾಗುತ್ತದೆ. ಏಕೆಂದರೆ ನಾವು ವರ್ಷಕ್ಕೆ ಎರಡು ಬಾರಿ ಬಾವುಟ ಹಾರಿಸುತ್ತೇವೆ, ಎರಡು ಬಾರಿ ಸಿಹಿ ಹಂಚುತ್ತೇವೆ. ಒಂದೇ ನಾಡಿಗೆ ಎರಡು ಹುಟ್ಟುಹಬ್ಬಗಳೇಕೆ ಎಂದು ಕೇಳುವವರು ಮಾತ್ರ ಕಡಮೆ.

ಕನ್ನಡನಾಡಿನ ಮಟ್ಟಿಗೆ ಹೇಳುವುದಾದರೆ ಈ ಲೆಕ್ಕ ಇನ್ನೂ ತೊಡಕಾಗುತ್ತದೆ. 1947ರ ಆಗಸ್ಟ್ 15ರಂದು ಧಾರವಾಡ, ಬೆಳಗಾವಿ, ಮಂಗಳೂರು, ಮಡಿಕೇರಿಗಳಲ್ಲಿ ಬ್ರಿಟಿಷರ ಆಳ್ವಿಕೆ ಮುಗಿಯಿತು. ಆದರೆ ಅದೇ ದಿನ ಬೀದರ, ಕಲಬುರಗಿ, ರಾಯಚೂರುಗಳ ಜನ ನಿಜಾಮರ ಪ್ರಜೆಗಳಾಗಿಯೇ ಉಳಿದಿದ್ದರು. ಅವರ ಪಾಲಿಗೆ ಬಿಡುಗಡೆಯ ದಿನ ಬಂದದ್ದು 1948ರ ಸೆಪ್ಟೆಂಬರ್ 17ರಂದು. ಇನ್ನು ಮೈಸೂರು ಸಂಸ್ಥಾನದ ಮಾತು. ಸಂಸ್ಥಾನವು 1947ರ ಆಗಸ್ಟಿನಲ್ಲೇ ಭಾರತವನ್ನು ಸೇರಿತೇನೋ ಸರಿ. ಆದರೆ ಪ್ರಜೆಗಳಿಗೆ ಉತ್ತರ ಕೊಡಬೇಕಾದ ಸರ್ಕಾರ ಸಂಸ್ಥಾನದೊಳಗೆ ಇರಲಿಲ್ಲ. ಊರೆಲ್ಲ ಸ್ವಾತಂತ್ರ್ಯದ ಉತ್ಸವ ಮುಗಿಸಿದ ಮೇಲೆ, ಸೆಪ್ಟೆಂಬರ್ ತಿಂಗಳಲ್ಲಿ, ಇಲ್ಲಿನ ಜನ ‘ಮೈಸೂರು ಚಲೋ’ ಚಳವಳಿಗೆ ಇಳಿಯಬೇಕಾಯಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡ ಮೇಲೆಯೇ ಅವರಿಗೆ ಸ್ವಾತಂತ್ರ್ಯ ಬಂದಿತೆಂಬ ನಂಬಿಕೆ ಹುಟ್ಟಿದ್ದು. ಹೀಗೆ ನೆರೆಹೊರೆಯ ಸೀಮೆಗಳಲ್ಲಿಯೇ ಒಂದು ರಾಷ್ಟ್ರಕ್ಕೆ ಮೂರು ಜನ್ಮದಿನಗಳಾದುವು.

ಇದನ್ನು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಆಳುವವರು ಹೊರಟುಹೋದ ಮಾತ್ರಕ್ಕೆ ರಾಷ್ಟ್ರ ಹುಟ್ಟುವುದಿಲ್ಲ. ಬಾಡಿಗೆದಾರನು ಮನೆ ಬಿಟ್ಟುಹೋದರೆ ಮನೆ ಖಾಲಿಯಾಗುತ್ತದೆ, ಅಷ್ಟೆ. ಸಂಸಾರ ಹೂಡುವುದು ಬೇರೆಯ ಕೆಲಸ.

ಆಗಸ್ಟ್ 15ರ ಸ್ವಾತಂತ್ರ್ಯಕ್ಕೆ ಕಾನೂನಿನ ಕಣ್ಣಿನಲ್ಲಿ ಆಧಾರವೇನಾಗಿತ್ತು? ಬ್ರಿಟಿಷ್ ಪಾರ್ಲಿಮೆಂಟು ಮಾಡಿದ, 1947ರ ಜುಲೈ 18ರಂದು ಅಲ್ಲಿನ ದೊರೆಯ ಅಂಕಿತ ಪಡೆದ, ಭಾರತ ಸ್ವಾತಂತ್ರ್ಯ ಕಾಯಿದೆ. ಅಂದರೆ ನಮ್ಮ ಸ್ವಾತಂತ್ರ್ಯದ ದಸ್ತಾವೇಜು ಬರೆದುಕೊಟ್ಟವರು ಲಂಡನ್ನಿನವರು. ಮುಂದಿನ ಎರಡೂವರೆ ವರ್ಷ ಕಾಲ ಆರನೆಯ ಜಾರ್ಜ್ ದೊರೆಯೇ ಭಾರತಕ್ಕೂ ದೊರೆ; ಗವರ್ನರ್ ಜನರಲ್ ನೇಮಕವೂ ಅವರ ಹೆಸರಿನಲ್ಲಿಯೇ. ರಾಜಾಜಿಯವರು ಆ ಪದವಿಯಲ್ಲಿ ಕುಳಿತದ್ದೂ ಅದೇ ಕ್ರಮದಲ್ಲಿ.

ಈ ಎಳೆಯನ್ನು ಕತ್ತರಿಸಿದ ಬಗೆ ಬಹಳ ಸ್ವಾರಸ್ಯವಾದದ್ದು. ಸಂವಿಧಾನವನ್ನು ಬರೆದು ಮುಗಿಸಿದ ಮೇಲೆ ನಮ್ಮ ಹಿರಿಯರು ಅದನ್ನು ಒಪ್ಪಿಗೆಗಾಗಿ ಲಂಡನ್ನಿಗೆ ಕಳುಹಿಸಲಿಲ್ಲ. ಭಾರತದ ಜನರಾದ ನಾವು ಇದನ್ನು ಅಂಗೀಕರಿಸಿ ನಮಗೆ ನಾವೇ ಕೊಟ್ಟುಕೊಳ್ಳುತ್ತೇವೆ ಎಂಬರ್ಥದ ಮಾತನ್ನು ಪೀಠಿಕೆಯಲ್ಲಿ ಇಟ್ಟರು. ಅಷ್ಟೇ ಅಲ್ಲ, ಕಟ್ಟಕಡೆಯ 395ನೆಯ ವಿಧಿಯಲ್ಲಿ ಆ 1947ರ ಸ್ವಾತಂತ್ರ್ಯ ಕಾಯಿದೆಯನ್ನೇ ರದ್ದು ಮಾಡಿಬಿಟ್ಟರು. ಕೊಟ್ಟವರ ಪತ್ರದ ಬಲದಿಂದ ನಾವು ಸ್ವತಂತ್ರರಲ್ಲ, ನಮ್ಮ ಬಲದಿಂದಲೇ ನಾವು ಸ್ವತಂತ್ರರು ಎಂದು ಸಾರಿದಂತಾಯಿತು. ಇಷ್ಟು ದೊಡ್ಡ ಮಾತನ್ನು ಸದ್ದುಗದ್ದಲವಿಲ್ಲದೆ ಒಂದು ಸಣ್ಣ ವಿಧಿಯಲ್ಲಿ ಹೇಳಿ ಮುಗಿಸಿದ್ದಾರೆ.

ಅದರ ಹಿಂದಿನ 394ನೆಯ ವಿಧಿಯಲ್ಲಿ ಇನ್ನೊಂದು ಸಂಗತಿ ಅಡಗಿದೆ. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಅದು ಪೂರ್ತಿಯಾಗಿ ಜಾರಿಗೆ ಬಂದದ್ದು ಎರಡು ತಿಂಗಳ ಮೇಲೆ, ಜನವರಿ 26ರಂದು. ಆದರೆ ಕೆಲವು ವಿಧಿಗಳು ಮಾತ್ರ ಅಂಗೀಕಾರವಾದ ದಿನವೇ ಜಾರಿಗೆ ಬಂದುವು. ಯಾವುವು ಅವು? 5ರಿಂದ 9ರವರೆಗಿನ ವಿಧಿಗಳು, ಅಂದರೆ ಈ ದೇಶದ ಪೌರರು ಯಾರು ಎಂದು ಹೇಳುವ ವಿಧಿಗಳು. ಅವುಗಳ ಜೊತೆಗೆ 324ನೆಯದು, ಅಂದರೆ ಚುನಾವಣಾ ಆಯೋಗದ ವಿಧಿ. ಮತ್ತೆ ಇಂಥವೇ ಕೆಲವು. ರಾಷ್ಟ್ರಪತಿ ಬರುವ ಮೊದಲು, ಸುಪ್ರೀಂ ಕೋರ್ಟು ಬರುವ ಮೊದಲು, ಗಣರಾಜ್ಯವೇ ಬರುವ ಮೊದಲು, ಪೌರನು ಬಂದ. ಮನೆ ಕಟ್ಟುವ ಮುಂಚೆ ಮನೆಯವರು ಯಾರೆಂದು ತೀರ್ಮಾನವಾಯಿತು. ರಾಷ್ಟ್ರದ ಜಾತಕ ಬರೆಯಬೇಕಾದರೆ ಈ ಗಳಿಗೆಯನ್ನು ಮರೆಯಲಾಗದು.

ಮನೆಯವರು ಯಾರೆಂದು ಕಾಗದದ ಮೇಲೆ ತೀರ್ಮಾನಿಸಿದರೆ ಸಾಲದು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕಷ್ಟೆ. ಬ್ರಿಟಿಷರ ಕಾಲದ 1937ರ ಪ್ರಾಂತೀಯ ಚುನಾವಣೆಗಳಲ್ಲಿ ಮತದಾನದ ಹಕ್ಕು ಇದ್ದದ್ದು ಸುಮಾರು 3 ಕೋಟಿ ಜನರಿಗೆ; ಅದೂ ಆಸ್ತಿ, ತೆರಿಗೆ, ವಿದ್ಯೆಗಳ ಅಳತೆಯ ಮೇಲೆ. ಹೊಸ ಭಾರತದ ಮೊದಲನೆಯ ಮಹಾಚುನಾವಣೆ 1951ರ ಅಕ್ಟೋಬರಿನಲ್ಲಿ ಆರಂಭವಾಗಿ 1952ರ ಫೆಬ್ರವರಿಯವರೆಗೆ ನಡೆದಾಗ ಮತದಾರರ ಸಂಖ್ಯೆ 17 ಕೋಟಿಯನ್ನು ಮೀರಿತ್ತು. ಅವರಲ್ಲಿ ಬಹುಮಂದಿಗೆ ಓದುಬರಹ ಬಾರದು. ಪಟ್ಟಿ ತಯಾರಿಸುವ ಕೆಲಸವನ್ನು 1948ರಲ್ಲಿಯೇ, ಸಂವಿಧಾನ ಇನ್ನೂ ಚರ್ಚೆಯಲ್ಲಿದ್ದಾಗಲೇ, ಕೈಗೆ ಎತ್ತಿಕೊಳ್ಳಲಾಗಿತ್ತು. ಎಣಿಕೆಯವನು ಬಾಗಿಲಿಗೆ ಬಂದು ಹೆಸರು ಕೇಳಿದಾಗ, ಉತ್ತರದ ಕೆಲವು ಸೀಮೆಗಳಲ್ಲಿ ಹೆಂಗಸರು ತಮ್ಮ ಹೆಸರನ್ನು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಪರಗಂಡಸಿಗೆ ಹೆಸರು ಹೇಳುವುದು ಮರ್ಯಾದೆಯಲ್ಲವೆಂಬ ರೂಢಿ ಅದು. ಮೊದಲನೆಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಅವರು ಇದಕ್ಕೆ ಒಪ್ಪಲಿಲ್ಲ. ಮತ ಕೊಡುವವಳು ಒಬ್ಬರ ಹೆಂಡತಿಯೆಂದಲ್ಲ, ತನ್ನ ಹೆಸರಿನಿಂದಲೇ ಮತ ಕೊಡಬೇಕು ಎಂಬ ನಿಯಮವನ್ನು ಅವರು ಬಿಡಲಿಲ್ಲ. ಕೊನೆಗೂ ಹೆಸರು ಹೇಳದೆ ಉಳಿದವರು ಸುಮಾರು 28 ಲಕ್ಷ. ಅವರೆಲ್ಲ ಪಟ್ಟಿಯಿಂದ ಹೊರಗಾದರು. ನೋಡುವವರಿಗೆ ಇದು ನಿಷ್ಠುರವಾಗಿ ಕಂಡೀತು. ಆದರೆ ಅದರ ಹಿಂದಿನ ವಿಚಾರ ಸಣ್ಣದಲ್ಲ. ಗೃಹಿಣಿಯೂ ಒಬ್ಬ ವ್ಯಕ್ತಿ, ಆಕೆಗೂ ಒಂದು ಹೆಸರುಂಟು ಎಂದು ರಾಷ್ಟ್ರವು ಅಂದು ಮೊದಲ ಬಾರಿಗೆ ಹಟಹಿಡಿದು ಕೇಳಿತು.

ಇಲ್ಲಿಗೆ ಮೊದಲನೆಯ ಪ್ರಶ್ನೆ ಎರಡನೆಯ ಪ್ರಶ್ನೆಯೊಡನೆ ಬಂದು ಸೇರುತ್ತದೆ. ಆ ಹೆಂಗಸಿಗೆ ಮತದ ಹಕ್ಕು ಎಲ್ಲಿಂದ ಬಂತು? ಸರ್ಕಾರ ಕೊಟ್ಟಿತೇ? ಸಂವಿಧಾನ ಕೊಟ್ಟಿತೇ? ಇಲ್ಲವೇ ಅದು ಆಕೆಯಲ್ಲಿಯೇ ಇದ್ದು, ಸಂವಿಧಾನ ಅದನ್ನು ಗುರುತಿಸಿತೇ?

ಇದೇನು ಪಂಡಿತರ ಕೂದಲು ಸೀಳುವ ವಾದ ಎಂದು ಶ್ರೋತೃಗಳು ಭಾವಿಸಬಾರದು. ನಮ್ಮ ಮನೆಮನೆಗೂ ತಿಳಿದ ಒಂದು ವ್ಯವಹಾರದಿಂದ ಇದನ್ನು ವಿವರಿಸಬಹುದು. ಹಿಂದಿನ ಅರಸರು ಇನಾಮು, ಉಂಬಳಿ ಕೊಡುತ್ತಿದ್ದರು. ಇನಾಮು ಕೊಟ್ಟ ದೊರೆಗೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಶಕ್ತಿಯೂ ಇತ್ತು. ಆದುದರಿಂದಲೇ ಹಳೆಯ ದಾನಶಾಸನಗಳ ಕೊನೆಯಲ್ಲಿ, ಇದನ್ನು ಅಪಹರಿಸಿದವರಿಗೆ ಇಂಥಿಂಥ ಪಾಪ ಬರಲೆಂಬ ಶಾಪದ ಮಾತನ್ನು ಕೆತ್ತಿಸುತ್ತಿದ್ದರು. ಹಿಂದಕ್ಕೆ ತೆಗೆದುಕೊಳ್ಳುವ ಭಯ ಇಲ್ಲದಿದ್ದರೆ ಶಾಪದ ಅಗತ್ಯವೇನಿತ್ತು? ಪಿತ್ರಾರ್ಜಿತ ಆಸ್ತಿಯ ಕ್ರಮ ಹಾಗಲ್ಲ. ಅದರಲ್ಲಿ ಮಗನ ಪಾಲು ತಂದೆಯ ಕೃಪೆಯಿಂದ ಬಂದದ್ದಲ್ಲ. ಅವನ ಹುಟ್ಟಿನಿಂದಲೇ ಬಂದದ್ದು.

ಈ ಸಿದ್ಧಾಂತವನ್ನು ಶಾಸ್ತ್ರೀಯವಾಗಿ ನಿಲ್ಲಿಸಿದ ಗ್ರಂಥ ಹುಟ್ಟಿದ್ದು ನಮ್ಮ ನಾಡಿನಲ್ಲಿಯೇ. ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ ಅಂದು ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಅಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳದಲ್ಲಿ ನಡೆದ ಜೀಮೂತವಾಹನನ ‘ದಾಯಭಾಗ’ದ ಪ್ರಕಾರ, ತಂದೆ ಇರುವವರೆಗೆ ಮಗನಿಗೆ ಆಸ್ತಿಯಲ್ಲಿ ಹಕ್ಕಿಲ್ಲ, ತಂದೆ ಕಾಲವಾದ ಮೇಲೆ ಹಕ್ಕು ಹುಟ್ಟುತ್ತದೆ. ಮಿತಾಕ್ಷರೆಯ ಮತ ಇದಕ್ಕೆ ವಿರುದ್ಧ. ಹಕ್ಕು ಜನ್ಮದಿಂದಲೇ ಇದೆ. ಪಾಲು ಮಾಡುವುದೆಂದರೆ ಇಲ್ಲದ ಹಕ್ಕನ್ನು ಸೃಷ್ಟಿಸುವುದಲ್ಲ, ಇರುವ ಹಕ್ಕಿಗೆ ಗಡಿ ಗುರುತು ಮಾಡುವುದು.

ವಿಜ್ಞಾನೇಶ್ವರನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಒಡೆತನವೆಂಬುದು ಶಾಸ್ತ್ರ ಹೇಳಿದ್ದರಿಂದ ಮಾತ್ರ ಉಂಟಾಗುವುದೇ, ಅಥವಾ ಲೋಕದಲ್ಲಿಯೇ ಇರುವುದೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಅದು ಲೌಕಿಕವೆಂದು ತೀರ್ಮಾನಿಸುತ್ತಾನೆ. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡುಗಳ ಜನರಲ್ಲಿಯೂ ಕೊಡುವುದು ಕೊಳ್ಳುವುದು ನಡೆಯುತ್ತದೆಯಲ್ಲ, ಒಡೆತನವಿಲ್ಲದೆ ಅದು ಹೇಗೆ ಸಾಧ್ಯ ಎಂಬುದು ಅವನ ಯುಕ್ತಿ. ಗ್ರಂಥ ಬರೆಯುವ ಮೊದಲೇ ಹಕ್ಕು ಇತ್ತು. ಗ್ರಂಥ ಅದನ್ನು ಕಂಡು ಹೇಳಿತು. ಅವನು ಹೇಳಿದ್ದು ಹೊಲಮನೆಗಳ ವಿಷಯ, ನಿಜ. ಆದರೆ ನಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಸಿಗಲಾರದು. ಸಂವಿಧಾನವನ್ನು ನಾವು ಇನಾಮಿನ ಪತ್ರವೆಂದು ತಿಳಿಯಬೇಕೇ, ಇಲ್ಲವೇ ವಿಭಾಗಪತ್ರವೆಂದು ತಿಳಿಯಬೇಕೇ? ಇದೇ ಪ್ರಶ್ನೆಯ ತಿರುಳು.

ಸಂವಿಧಾನದ ಮಾತಿನ ಧಾಟಿಯನ್ನೇ ಗಮನಿಸೋಣ. ಜೀವ ಮತ್ತು ಸ್ವಾತಂತ್ರ್ಯವನ್ನು ಕುರಿತ 21ನೆಯ ವಿಧಿಯಲ್ಲಿ, ಸರ್ಕಾರವು ಪ್ರಜೆಗೆ ಜೀವವನ್ನು ದಯಪಾಲಿಸುತ್ತದೆ ಎಂದು ಬರೆದಿಲ್ಲ. ಕಾನೂನು ವಿಧಿಸಿದ ಕ್ರಮವನ್ನು ಬಿಟ್ಟು ಬೇರೆ ರೀತಿಯಲ್ಲಿ ಯಾರ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳಕೂಡದು ಎಂದು ಬರೆದಿದೆ. ಸಮಾನತೆಯ 14ನೆಯ ವಿಧಿಯೂ ಹಾಗೆಯೇ: ರಾಜ್ಯವು ನಿರಾಕರಿಸಕೂಡದು ಎಂಬುದು ಅದರ ಧಾಟಿ. ಇಲ್ಲದ್ದನ್ನು ಕಸಿದುಕೊಳ್ಳುವುದು ಹೇಗೆ? ಕಸಿಯಬೇಡ ಎಂಬ ಮಾತಿನಲ್ಲಿಯೇ, ಅದು ಮೊದಲಿನಿಂದ ಇವನದು ಎಂಬ ಒಪ್ಪಿಗೆ ಅಡಗಿದೆ. ಎಲ್ಲ ವಿಧಿಗಳ ಧಾಟಿಯೂ ಹೀಗೆಯೇ ಇದೆಯೆಂದು ಹೇಳಲಾಗದು. ಮಾತು, ಸಭೆ, ಸಂಘಗಳ ಸ್ವಾತಂತ್ರ್ಯ ಹೇಳುವ 19ನೆಯ ವಿಧಿ ‘ಪೌರರಿಗೆ ಹಕ್ಕು ಇರತಕ್ಕದ್ದು’ ಎನ್ನುತ್ತದೆ. ಆದರೆ ಬದುಕಿನ ಮೂಲವನ್ನು ಮುಟ್ಟುವ ಕಡೆಯಲ್ಲೆಲ್ಲ ಕೊಡುವ ಭಾಷೆಯಿಲ್ಲ, ಸರ್ಕಾರದ ಕೈ ತಡೆಯುವ ಭಾಷೆಯಿದೆ.

ಕೊಟ್ಟರೇನು, ಗುರುತಿಸಿದರೇನು, ಅನುಭವಿಸುವುದಕ್ಕೆ ಸಿಕ್ಕಿದರೆ ಸಾಲದೇ ಎಂದು ವ್ಯವಹಾರಸ್ಥರು ಕೇಳಬಹುದು. ಹಳೆಯ ಮೈಸೂರಿನ ಜನರಿಗೂ ಹೀಗೆಯೇ ಹೇಳಿದವರಿದ್ದರು. ಪ್ರಜಾಪ್ರತಿನಿಧಿ ಸಭೆ 1881ರಲ್ಲಿಯೇ ಸ್ಥಾಪಿತವಾದ ಸಂಸ್ಥಾನವದು. ಕೆರೆಕಟ್ಟೆ, ವಿದ್ಯುಚ್ಛಕ್ತಿ, ವಿದ್ಯಾಲಯಗಳಿಂದ ಮಾದರಿ ಎನಿಸಿಕೊಂಡ ಸಂಸ್ಥಾನ. ಆದರೂ 1938ರಲ್ಲಿ ಜನ ಶಿವಪುರದಲ್ಲಿ ಧ್ವಜ ಹಾರಿಸಲು ಹೊರಟರು. ವಿದುರಾಶ್ವತ್ಥದಲ್ಲಿ ಗುಂಡಿಗೆ ಎದೆಕೊಟ್ಟರು. ಅವರ ದೂರು ಅರಸರು ಕೆಟ್ಟವರೆಂಬುದಲ್ಲ. ಒಳ್ಳೆಯ ದೊರೆ ಬಂದಾಗ ಒಳ್ಳೆಯದು ಆಗುತ್ತದೆ. ದೊರೆಯ ಮನಸ್ಸು ಬದಲಾದ ದಿನ ಏನು ಗತಿ ಎಂಬುದು ಅವರ ಪ್ರಶ್ನೆ. ಕೃಪೆ ಎಷ್ಟೇ ದೊಡ್ಡದಾಗಿರಲಿ, ಅದು ಹಕ್ಕಿನ ಸ್ಥಾನವನ್ನು ತುಂಬಲಾರದು.

ಈ ಪ್ರಶ್ನೆ ಸ್ವತಂತ್ರ ಭಾರತದಲ್ಲಿಯೂ ಒಮ್ಮೆ ಬಹಳ ಕಠಿಣವಾಗಿ ನಮ್ಮೆದುರಿಗೆ ಬಂದಿತು. 1975ರ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಎರಡು ದಿನಗಳ ಮೇಲೆ, 21ನೆಯ ವಿಧಿಯೂ ಸೇರಿದಂತೆ ಕೆಲವು ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ಅವಕಾಶವನ್ನು ರಾಷ್ಟ್ರಪತಿಗಳ ಆಜ್ಞೆಯಿಂದ ತಡೆಹಿಡಿಯಲಾಯಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರು ಹೈಕೋರ್ಟುಗಳಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿಕೊಂಡರು. ನಮ್ಮನ್ನು ಯಾವ ಕಾನೂನಿನ ಮೇಲೆ ಹಿಡಿದಿಟ್ಟಿದ್ದೀರಿ ಎಂದು ಕೇಳುವ ಅರ್ಜಿ ಅದು. ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಕರ್ನಾಟಕ ಹೈಕೋರ್ಟಿಗೆ ಹೋದರು. ಅರ್ಜಿ ಕೇಳಬಹುದೆಂದು ಹಲವು ಹೈಕೋರ್ಟುಗಳು ಹೇಳಿದುವು. ಕರ್ನಾಟಕದ ಹೈಕೋರ್ಟೂ ಅವುಗಳಲ್ಲಿ ಒಂದು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

ಅಲ್ಲಿ ಸರ್ಕಾರದ ವಾದ ಹೀಗಿತ್ತು: ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಇರುವುದು 21ನೆಯ ವಿಧಿಯಲ್ಲಿ, ಆ ವಿಧಿಯನ್ನು ಕೇಳುವ ಅವಕಾಶ ತಡೆದಿರುವಾಗ ಕೇಳುವುದಕ್ಕೆ ಬೇರೆ ಏನೂ ಉಳಿದಿಲ್ಲ. ಹಾಗಾದರೆ ಒಬ್ಬ ಅಧಿಕಾರಿಯು ದ್ವೇಷದಿಂದ ಒಬ್ಬನ ಪ್ರಾಣವನ್ನೇ ತೆಗೆದರೆ ಪರಿಹಾರವೇನು ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಕೇಳಿದರು. ಈ ವಾದದ ಪ್ರಕಾರ ಆಗಲೂ ಪರಿಹಾರವಿಲ್ಲ ಎಂದು ಸರ್ಕಾರದ ವಕೀಲರು ಒಪ್ಪಿಕೊಳ್ಳಬೇಕಾಯಿತು. 1976ರ ಏಪ್ರಿಲ್ 28ರಂದು ತೀರ್ಪು ಬಂದಿತು. ಐವರಲ್ಲಿ ನಾಲ್ವರು ಸರ್ಕಾರದ ಪಕ್ಷವನ್ನು ಎತ್ತಿಹಿಡಿದರು. ಖನ್ನಾ ಒಬ್ಬರೇ ಬೇರೆ ತೀರ್ಪು ಬರೆದರು. ಜೀವದ ಹಕ್ಕಿಗೆ 21ನೆಯ ವಿಧಿಯೊಂದೇ ಆಶ್ರಯವಲ್ಲ. ಸಂವಿಧಾನ ಬರುವ ಮೊದಲೂ ಕಾನೂನಿನ ಆಧಾರವಿಲ್ಲದೆ ಒಬ್ಬನ ಜೀವ, ಸ್ವಾತಂತ್ರ್ಯಗಳನ್ನು ಕಸಿಯುವಂತಿರಲಿಲ್ಲ ಎಂಬುದು ಅವರ ನಿಲುವು. ಪತ್ರ ಬರೆಯುವ ಮೊದಲೇ ಹಕ್ಕು ಇತ್ತು ಎಂಬ ಕಲ್ಯಾಣದ ಪಂಡಿತನ ಯುಕ್ತಿಯೇ ಮತ್ತೊಂದು ವೇಷದಲ್ಲಿ ಬಂದಂತಿದೆ.

ಈ ಮಾತಿಗೆ ಅವರು ತೆತ್ತ ಬೆಲೆಯೂ ಉಂಟು. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಗಳ ಪದವಿ ತೆರವಾದಾಗ ಹಿರಿತನದಲ್ಲಿ ಖನ್ನಾ ಅವರಿಗೆ ಸಲ್ಲಬೇಕಾಗಿದ್ದ ಸ್ಥಾನ ಅವರಿಗಿಂತ ಕಿರಿಯರಿಗೆ ಹೋಯಿತು. ಅವರು ರಾಜೀನಾಮೆ ಕೊಟ್ಟರು. ಆದರೆ ಕಾಲ ಅವರ ಕಡೆಗೆ ತಿರುಗಿತು. 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ, ತುರ್ತುಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ವಿಧಿಗಳ ರಕ್ಷಣೆಯನ್ನು ತಡೆಹಿಡಿಯಲಾಗದೆಂದು ಗೊತ್ತುಮಾಡಲಾಯಿತು. ಕಡೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಖಾಸಗಿತನವೂ ಮೂಲಭೂತ ಹಕ್ಕೆಂದು ಹೇಳುವ ಸಂದರ್ಭದಲ್ಲಿ, 1976ರ ಆ ತೀರ್ಪನ್ನು ತಳ್ಳಿಹಾಕಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಹೊಸ ತೀರ್ಪಿನಲ್ಲಿ ಈ ಮಾತನ್ನು ಬರೆದವರಲ್ಲಿ ಡಿ. ವೈ. ಚಂದ್ರಚೂಡ್ ಒಬ್ಬರು, 1976ರಲ್ಲಿ ಸರ್ಕಾರದ ಪಕ್ಷ ಹಿಡಿದ ನಾಲ್ವರಲ್ಲಿ ಒಬ್ಬರಾದ ವೈ. ವಿ. ಚಂದ್ರಚೂಡ್ ಅವರು ಇವರ ತಂದೆ. ತಂದೆಯ ತೀರ್ಪನ್ನು ಮಗ ತಿದ್ದಿದ.

ಹಕ್ಕು ಹುಟ್ಟಿನಿಂದಲೇ ಬರುವುದಾದರೆ ನಾವು ನೆಮ್ಮದಿಯಾಗಿ ಕೈಕಟ್ಟಿ ಕೂಡಬಹುದೇ? ಕೂಡಲಾಗದು. ಹುಟ್ಟಿನಿಂದ ಬಂದ ಪಾಲನ್ನೂ ಕೇಳದೆ ಬಿಟ್ಟವನ ಹೊಲವನ್ನು ಊರ ಬಲಿಷ್ಠರು ಉತ್ತುಕೊಂಡದ್ದು ನಮಗೆ ಗೊತ್ತಿಲ್ಲದ ಕಥೆಯಲ್ಲ. ಕಾನೂನಿಲ್ಲದ ಹಕ್ಕು ಬರಿಯ ಹಾರೈಕೆ ಎನ್ನುವ ಪಂಡಿತರ ಮಾತಿನಲ್ಲಿ ಇಷ್ಟು ಸತ್ಯ ಇದ್ದೇ ಇದೆ. ಆದರೆ ಕಾನೂನು ಬಂದ ಮೇಲೂ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಒಂದೇ ಉದಾಹರಣೆ ಸಾಕು.

ಮುಂಬಯಿ ಪ್ರಾಂತದ ಕೊಲಾಬಾ ಜಿಲ್ಲೆಯಲ್ಲಿ ಮಹಾಡ ಎಂಬ ಊರು. ಅಲ್ಲಿ ಚವದಾರ್ ಎಂಬ ಸಾರ್ವಜನಿಕ ಕೆರೆ. ಸಾರ್ವಜನಿಕ ಕೆರೆಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದೆಂದು 1923ರಲ್ಲಿ ಮುಂಬಯಿಯ ಶಾಸನ ಸಭೆ ನಿರ್ಣಯ ಮಾಡಿತು. ಮರುವರ್ಷ ಮಹಾಡದ ಪುರಸಭೆಯೂ ಆ ಕೆರೆ ಎಲ್ಲರಿಗೂ ತೆರೆದಿದೆ ಎಂದು ಠರಾವು ಮಾಡಿತು. ಆದರೂ ಅವರು ಕೆರೆಗೆ ಇಳಿಯುವಂತಿರಲಿಲ್ಲ. ದನಕ್ಕೆ ತಡೆಯಿಲ್ಲದ ಕೆರೆಯಲ್ಲಿ ಮನುಷ್ಯನಿಗೆ ತಡೆ. 1927ರ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದು ಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಅದರ ಮೇಲೆ ಹೊಡೆದಾಟವಾಯಿತು. ಕೆರೆಗೆ ‘ಶುದ್ಧಿ’ ನಡೆಯಿತು. ಪುರಸಭೆಯು ತಾನು ಹಿಂದೆ ಮಾಡಿದ ಠರಾವನ್ನು ಅದೇ ವರ್ಷದ ಆಗಸ್ಟಿನಲ್ಲಿ ರದ್ದು ಮಾಡಿತು. ಕೊಟ್ಟ ಕೈಯೇ ಹಿಂದಕ್ಕೆ ತೆಗೆದುಕೊಂಡಿತು! ಇನಾಮಿನ ಹಕ್ಕಿನ ಬಾಳಿಕೆ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮೊಕದ್ದಮೆ ಹತ್ತು ವರ್ಷ ನಡೆದು, 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟು ಅಂಬೇಡ್ಕರರ ಪಕ್ಷಕ್ಕೆ ತೀರ್ಪು ಕೊಟ್ಟಿತು. ಬಾಯಾರಿಕೆ ಹುಟ್ಟಿನಿಂದ ಬಂದದ್ದು. ನೀರು ಕುಡಿಯುವ ಹಕ್ಕೂ ಹುಟ್ಟಿನಿಂದ ಬಂದದ್ದೇ. ಆದರೂ ಅದನ್ನು ಕೈಗೆ ತಂದುಕೊಳ್ಳಲು ಠರಾವು ಬೇಕಾಯಿತು, ಕಾಲ್ನಡಿಗೆ ಬೇಕಾಯಿತು, ಪೆಟ್ಟು ತಿನ್ನಬೇಕಾಯಿತು, ನ್ಯಾಯಾಲಯವೂ ಬೇಕಾಯಿತು.

ಮಿತಾಕ್ಷರೆಯ ದೃಷ್ಟಾಂತವನ್ನು ಎತ್ತಿದ ಮೇಲೆ ಅದರ ಕೊರತೆಯನ್ನೂ ಹೇಳದಿದ್ದರೆ ನ್ಯಾಯವಾಗದು. ಜನ್ಮದಿಂದ ಹಕ್ಕು ಎಂದ ಆ ಪದ್ಧತಿ ಅದನ್ನು ಗಂಡುಮಕ್ಕಳಿಗೆ ಮಾತ್ರ ಸಲ್ಲಿಸಿತ್ತು. ಅದೇ ಮನೆಯಲ್ಲಿ, ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಜನ್ಮವಿತ್ತು, ಹಕ್ಕಿರಲಿಲ್ಲ. ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಹೆಂಗಸರ ಆಸ್ತಿಹಕ್ಕಿನ ಕಾಯಿದೆ ಮಾಡಿ ಒಂದು ಹೆಜ್ಜೆ ಇಟ್ಟಿತು. 1994ರಲ್ಲಿ ಕರ್ನಾಟಕವು, ಆಗ ಮದುವೆಯಾಗಿರದ ಹೆಣ್ಣುಮಕ್ಕಳನ್ನು ಸಮಾನ ಪಾಲುದಾರರೆಂದು ಒಪ್ಪಿತು. 2005ರಲ್ಲಿ ಇಡೀ ದೇಶದ ಕಾನೂನು ಮದುವೆಯಾದವಳು ಆಗದವಳೆಂಬ ಭೇದವನ್ನೂ ತೆಗೆದುಹಾಕಿತು. ತಂದೆ ಅಂದು ಬದುಕಿದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ, ಮಗಳ ಹಕ್ಕು ಅವಳ ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಇಲ್ಲಿ ಹೆಣ್ಣುಮಗುವಿನ ಹುಟ್ಟು ಹೊಸದಲ್ಲ. ಕಾನೂನಿನ ಕಣ್ಣು ಮಾತ್ರ ಹೊಸದು. ಆದರೆ ಈಗಲೂ ಹಕ್ಕು ಬಿಡುಗಡೆಯ ಪತ್ರಕ್ಕೆ ಅಕ್ಕತಂಗಿಯರಿಂದ ರುಜು ಹಾಕಿಸಿಕೊಂಡು, ಒಂದು ಸೀರೆ ಕುಪ್ಪಸದ ಖಣ ಕೊಟ್ಟು ಕಳುಹಿಸುವ ಮನೆಗಳುಂಟು. ತವರುಮನೆಯ ಬಾಗಿಲು ಮುಚ್ಚೀತೆಂಬ ಭಯದಿಂದ ರುಜು ಹಾಕುವವರೂ ಉಂಟು. ಈ ಮಾತನ್ನು ಕೇಳುತ್ತಿರುವ ಮನೆಗಳಲ್ಲಿ ಅಂಥ ಪತ್ರ ಪೆಟ್ಟಿಗೆಯಲ್ಲಿರುವ ಮನೆ ಒಂದೂ ಇಲ್ಲವೆಂದು ಧೈರ್ಯವಾಗಿ ಹೇಳಬಲ್ಲವರಾರು?

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ತಮ್ಮ ಕಡೆಯ ದೊಡ್ಡ ಭಾಷಣವನ್ನು ಮಾಡಿದರು. ಮೈಸೂರಿನ ಮಹಾರಾಜರು ಭಾರತದ ಸಂವಿಧಾನವನ್ನು ತಮ್ಮ ಸಂಸ್ಥಾನಕ್ಕೆ ಅಂಗೀಕರಿಸಿ ಘೋಷಣೆ ಹೊರಡಿಸಿದ್ದೂ ಅದೇ ದಿನ. ದೆಹಲಿಯ ಆ ಸಭೆಯಲ್ಲಿ, ಮುಗಿದ ಕಾರ್ಯದ ಸಂಭ್ರಮದ ನಡುವೆ, ಅಂಬೇಡ್ಕರರು ಹೇಳಿದ್ದು ಕಹಿಯಾದ ಮಾತು. ರಾಜಕೀಯದಲ್ಲಿ ಒಬ್ಬನಿಗೆ ಒಂದು ಮತ, ಆ ಮತಕ್ಕೆ ಒಂದೇ ಬೆಲೆ. ಸಮಾಜದಲ್ಲಿಯೂ ಸಂಪತ್ತಿನಲ್ಲಿಯೂ ಮಾತ್ರ ಅಸಮಾನತೆ. ಈ ವಿರೋಧವನ್ನು ಹೊತ್ತುಕೊಂಡು ನಾವು ಹೊಸ ಜೀವನಕ್ಕೆ ಕಾಲಿಡುತ್ತಿದ್ದೇವೆ ಎಂದು ಎಚ್ಚರಿಸಿದರು. ಸಾವಿರಾರು ಜಾತಿಗಳಾಗಿ ಒಡೆದ ಜನ ತಾವಾಗಲೇ ಒಂದು ರಾಷ್ಟ್ರವೆಂದು ನಂಬುವುದು ಭ್ರಮೆ. ಇನ್ನೂ ರಾಷ್ಟ್ರವಾಗಿಲ್ಲವೆಂದು ಬೇಗ ತಿಳಿದಷ್ಟೂ ಒಳ್ಳೆಯದು, ಆಗಲೇ ರಾಷ್ಟ್ರವಾಗುವ ದಾರಿಯನ್ನು ಯೋಚಿಸುತ್ತೇವೆ ಎಂದರು. ಸಂವಿಧಾನವನ್ನು ರೂಪಿಸಿದವರೇ, ಅದು ಅಂಗೀಕಾರವಾಗುವ ಹಿಂದಿನ ದಿನ, ರಾಷ್ಟ್ರ ಇನ್ನೂ ಹುಟ್ಟಿಲ್ಲವೆಂದು ಸಾರಿದರು.

ಹಾಗಾದರೆ ಜಾತಕದಲ್ಲಿ ಬರೆಯುವುದೇನು? ಆಗಸ್ಟ್ 15 ನಾವು ಪರರಿಂದ ಬಿಡಿಸಿಕೊಂಡ ದಿನ. ಜನವರಿ 26 ನಮ್ಮ ಕೈಯನ್ನು ನಾವೇ ನಿಯಮಕ್ಕೆ ಕಟ್ಟಿಕೊಂಡ ದಿನ. ಇವೆರಡೂ ಪೂಜ್ಯವಾದ ದಿನಗಳೇ. ಆದರೆ ರಾಷ್ಟ್ರ ನಿಜವಾಗಿ ಹುಟ್ಟುವುದು, ನನಗಿರುವ ಹಕ್ಕು ಎದುರುಮನೆಯವನಿಗೂ ಹುಟ್ಟಿನಿಂದಲೇ ಇದೆ, ಅದು ನಾನು ಕೊಟ್ಟದ್ದಲ್ಲ, ಆದ್ದರಿಂದ ನಾನು ಕಸಿಯಲಾರೆ ಎಂದು ಜನ ಒಬ್ಬರಿಗೊಬ್ಬರು ಒಪ್ಪಿಕೊಂಡಾಗ. ಸರ್ಕಾರ ಕೊಟ್ಟದ್ದು ಎಂದು ತಿಳಿದರೆ ನಾವು ಸರ್ಕಾರದ ಮುಖ ನೋಡುತ್ತೇವೆ. ಹುಟ್ಟಿನಿಂದ ಬಂದದ್ದು ಎಂದು ತಿಳಿದರೆ ನೆರೆಯವನ ಮುಖ ನೋಡಬೇಕಾಗುತ್ತದೆ. ಎರಡನೆಯದು ಕಷ್ಟದ ದಾರಿ. ಸರ್ಕಾರವನ್ನು ಹಕ್ಕು ಕೇಳುವ ಮನೆಯಜಮಾನನು, ಮನೆಯೊಳಗಿನ ಮಗಳಿಗೂ ಕೆಲಸದವಳಿಗೂ ಅದೇ ಮಾತನ್ನು ಒಪ್ಪಬೇಕಾಗುತ್ತದೆ.

ಒಂದು ಕಾಲಕ್ಕೆ ಪರಗಂಡಸಿನ ಮುಂದೆ ತನ್ನ ಹೆಸರು ಹೇಳಲಾರದೆ ಪಟ್ಟಿಯಿಂದ ಹೊರಗಾದ ಆ 28 ಲಕ್ಷ ತಾಯಂದಿರ ಮೊಮ್ಮಕ್ಕಳು ಇಂದು ಸರತಿಯಲ್ಲಿ ನಿಂತು, ತಮ್ಮ ಹೆಸರು ತಾವೇ ಹೇಳಿ, ಬೆರಳಿಗೆ ಮಸಿ ಹಚ್ಚಿಸಿಕೊಂಡು ಬರುತ್ತಾರೆ. ಹೆಸರು ಅವರಿಗೆ ಮೊದಲಿನಿಂದಲೂ ಇತ್ತು. ಕೇಳುವವರು ಬರಬೇಕಾಗಿತ್ತು, ಹೇಳುವ ಧೈರ್ಯ ಮೂಡಬೇಕಾಗಿತ್ತು. ಹಕ್ಕಿನ ಕಥೆಯೂ ಇಷ್ಟೆ, ನಾಡಿನ ಕಥೆಯೂ ಇಷ್ಟೆ.